ಪುಕ್ಸಟ್ಟೆ ಯಾವನು ಗೇಯ್ತಾನೆ?

ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯಿಂದ ನಮ್ಮ ಸೋದರತ್ತೆ ಫೋನ್ ಮಾಡಿದ್ರು. ನಾನು ಟಿವಿಯಲ್ಲಿ ಕಾಣಿಸಿಕೊಳ್ಳೋಕೆ ಶುರು ಮಾಡಿದ ಮೇಲೆ ನಮ್ಮ ಬಂಧುಬಳಗದ ಲೆಕ್ಕದಲ್ಲಿ ನನಗೆ ಗೊತ್ತಿಲ್ಲದ ವಿಷಯವೇ ಇಲ್ಲ. ಮಳೆ ಯಾವಾಗ ಬರುತ್ತೆ, ಅಡಿಕೆ ರೇಟು ಏರುತ್ತಾ, ಎಲ್ಲದಕ್ಕೂ ನನಗೇ ಫೋನು. ಆದ್ರೆ ಅವತ್ತು ಅತ್ತೆ ಕೇಳಿದ ಪ್ರಶ್ನೆಗೆ ನನ್ನ ಹತ್ರ ತಕ್ಷಣ ಉತ್ತರ ಇರಲಿಲ್ಲ.

"ಏನಪ್ಪಾ, ನಮ್ ಹುಡುಗ ಮೊಬೈಲಲ್ಲಿ ಷೇರು ತಗಳ್ತೀನಿ ಅಂತ ಹಟ ಹಿಡಿದು ಕೂತಾನೆ. ಅಡಿಕೆ ಮಾರಿದ ದುಡ್ಡಲ್ಲಿ ಐವತ್ತು ಸಾವಿರ ಕೊಡು ಅಂತಾನೆ. ಅದು ಬೋರ್ ಕೊರೆಸೋಕೆ ಅಂತ ಎತ್ತಿಟ್ಟ ದುಡ್ಡು. ಆ ಆ್ಯಪ್‌ನೋರು ದಲಾಲಿ ತಗಳಲ್ವಂತೆ, ಎಲ್ಲಾ ಫ್ರೀ ಅಂತೆ. ಅಲ್ಲಪ್ಪಾ, ಪುಕ್ಸಟ್ಟೆ ಯಾವನು ಗೇಯ್ತಾನೆ?"

ನೋಡಿ, ಇದು ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದ ಹೆಣ್ಣುಮಗಳ ಪ್ರಶ್ನೆ. ನಾನು ಎಂಜಿನಿಯರಿಂಗ್ ಓದಿದವನು. 2020ರ ಲಾಕ್‌ಡೌನ್‌ನಲ್ಲಿ ಮನೆಯಲ್ಲಿ ಕೂತು, ಇಂಥದ್ದೇ ಒಂದು ಆ್ಯಪ್ ಹಾಕಿಕೊಂಡು, ಒಂದು ಸಲವೂ ಈ ಪ್ರಶ್ನೆ ಕೇಳಿಕೊಳ್ಳದೆ, ಮೂರೇ ತಿಂಗಳಲ್ಲಿ ಆಪ್ಷನ್ ವ್ಯಾಪಾರದಲ್ಲಿ 38 ಸಾವಿರ ರೂಪಾಯಿ ಕಳೆದವನು. ಯಾರೂ ನನಗೆ ಮೋಸ ಮಾಡಲಿಲ್ಲ. ಬಟನ್ ಒತ್ತಿದ ಬೆರಳು ನನ್ನದೇ. ಹಾಗಾಗಿ ಅತ್ತೆಗೆ "ನಾಳೆ ಹೇಳ್ತೀನಿ" ಅಂದೆ. ಆ ನಾಳೆಗೆ ನಾನು ಹುಡುಕಿಕೊಂಡು ಹೋದ ಕಥೆ ಇದು. ಇದು ದಲಾಲಿಯ ಇತಿಹಾಸ.

ದಲಾಲಿ ಅಂದ್ರೇನು ಅಂತ ಚಿತ್ರದುರ್ಗ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ದನದ ಜಾತ್ರೆಗೆ ಹೋದವರು ನೋಡಿರ್ತೀರಿ. ಇಬ್ಬರು ಎದುರುಬದುರು ನಿಂತು, ಟವೆಲ್ ಅಡಿಯಲ್ಲಿ ಕೈ ಕೈ ಹಿಡಿದು, ಬೆರಳು ಮುಟ್ಟಿಯೇ ಎತ್ತಿನ ಬೆಲೆ ಮಾತಾಡ್ತಾರೆ. ಸುತ್ತ ನಿಂತ ಹತ್ತು ಜನಕ್ಕೂ ಆ ಬೆಲೆ ಗೊತ್ತಾಗಲ್ಲ. ಕೆಲವು ಸಲ ಎತ್ತಿನ ಯಜಮಾನನಿಗೂ ಗೊತ್ತಾಗಲ್ಲ! ಭೀಮಸಮುದ್ರದ ಅಡಿಕೆ ಮಂಡಿಯಿರಲಿ, ಚಿತ್ರದುರ್ಗದ ಎಪಿಎಂಸಿ ಯಾರ್ಡ್ ಇರಲಿ, ರೈತನಿಗೂ ಖರೀದಿದಾರನಿಗೂ ಮಧ್ಯೆ ಒಬ್ಬ ಇದ್ದೇ ಇರ್ತಾನೆ. ಅವನನ್ನ ಬೈಯೋದು ಸುಲಭ. ಆದ್ರೆ ಮಗಳ ಮದುವೆಗೆ, ಗೊಬ್ಬರಕ್ಕೆ ಮುಂಗಡ ಕೊಡೋನೂ ಅವನೇ. ಸರ್ಕಾರ 1966ರಲ್ಲಿ ಎಪಿಎಂಸಿ ಕಾಯ್ದೆ ತಂತು. 2014ರಿಂದ ಆನ್‌ಲೈನ್ ಟೆಂಡರ್ ಬಂತು. ಟವೆಲ್ ಅಡಿಯ ಬೆಲೆ ಕಂಪ್ಯೂಟರ್ ಪರದೆ ಮೇಲೆ ಬಂತು. ದಲಾಲ ಮಾತ್ರ ಪೂರ್ತಿ ಹೋಗಲಿಲ್ಲ, ಅಲ್ವಾ?

ಷೇರುಪೇಟೆಯ ಕಥೆಯೂ ಹೆಚ್ಚುಕಡಿಮೆ ಇದೇ. ಅಲ್ಲಿ ಮಾರಾಟ ಆಗೋದು ಎತ್ತೂ ಅಲ್ಲ, ಅಡಿಕೆಯೂ ಅಲ್ಲ. ಒಂದು ಕಂಪನಿಯ ಪಾಲು. ಹೊಲವನ್ನ ಪಾಲಿಗೆ ಹಾಕಿದಾಗ ಬೆಳೆ ಬಂದ್ರೆ ನಮಗೂ ಪಾಲು, ಬರ ಬಂದ್ರೆ ನಮಗೂ ನಷ್ಟ. ಷೇರು ಅಂದ್ರೆ ಅಷ್ಟೇ.

1792ರ ಮೇ 17. ನ್ಯೂಯಾರ್ಕ್‌ನ ವಾಲ್ ಸ್ಟ್ರೀಟ್‌ನಲ್ಲಿ 24 ಜನ ದಲ್ಲಾಳಿಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದ್ರು. ಅಲ್ಲಿದ್ದ ಒಂದು ಮರದ ಕೆಳಗೆ ಸಹಿ ಆಯ್ತು ಅನ್ನೋದು ಪ್ರತೀತಿ. ಇವತ್ತು ಜಗತ್ತಿನ ಅತಿ ದೊಡ್ಡ ಷೇರು ವಿನಿಮಯ ಕೇಂದ್ರಗಳಲ್ಲೊಂದು ಹುಟ್ಟಿದ್ದು ಆ ಒಪ್ಪಂದದಿಂದ. ಅದರಲ್ಲಿ ಇದ್ದದ್ದೇನು ಗೊತ್ತಾ? ನಾವು ನಾವೇ ಮೊದಲು ವ್ಯವಹಾರ ಮಾಡೋಣ. ಯಾರೂ ಶೇಕಡಾ ಕಾಲು ಭಾಗಕ್ಕಿಂತ ಕಡಿಮೆ ಕಮಿಷನ್ ತಗೊಳ್ಳೋದು ಬೇಡ. ಅಂದ್ರೆ ಆ ಪೇಟೆಯ ಅಡಿಗಲ್ಲೇ ಕಮಿಷನ್! ಇನ್ನೂರು ವರ್ಷದ ನಂತರ ಯಾರೋ ಬಂದು "ನಮ್ಮ ಕಮಿಷನ್ ಸೊನ್ನೆ" ಅಂತಾರೆ ಅಂತ ಆ 24 ಜನ ಕನಸಿನಲ್ಲೂ ನೆನೆಸಿರಲಿಕ್ಕಿಲ್ಲ.

ನಮ್ಮ ದೇಶದ ಪೇಟೆಗೂ ಒಂದು ಮರ ಇದೆ. 1850ರ ದಶಕದಲ್ಲಿ ಮುಂಬೈನ ಟೌನ್‌ಹಾಲ್ ಎದುರಿನ ಆಲದ ಮರದ ಕೆಳಗೆ ದಲ್ಲಾಳಿಗಳು ಸೇರ್ತಿದ್ರು. ಅಲ್ಲಿಂದ ಜಾಗ ಬದಲಿಸುತ್ತಾ ಹೋಗಿ ಕೊನೆಗೆ ಅವರು ನೆಲೆ ನಿಂತ ಬೀದಿಗೆ ದಲಾಲ್ ಸ್ಟ್ರೀಟ್ ಅಂತಲೇ ಹೆಸರಾಯ್ತು. 1875ರಲ್ಲಿ ಅವರ ಸಂಘ ಹುಟ್ಟಿತು. ಅದೇ ಇವತ್ತಿನ ಬಿಎಸ್‌ಇ.

ಆದ್ರೆ ನಿಜವಾದ ಪಾಠ ಇರೋದು ಸಂಘ ಹುಟ್ಟೋಕೂ 10 ವರ್ಷ ಮುಂಚೆ. ಅದರ ಬೇರು ಇರೋದು ಹತ್ತಿಯಲ್ಲಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯ್ತು. ಅಲ್ಲಿಂದ ಇಂಗ್ಲೆಂಡಿನ ಮಿಲ್ಲುಗಳಿಗೆ ಹೋಗ್ತಿದ್ದ ಹತ್ತಿ ನಿಂತುಹೋಯ್ತು. ಮಿಲ್ ಮಾಲೀಕರ ಕಣ್ಣು ಭಾರತದ ಹತ್ತಿ ಮೇಲೆ ಬಿತ್ತು. ಗುಜರಾತ್, ವಿದರ್ಭದ ಜೊತೆ ನಮ್ಮ ಧಾರವಾಡದ ಕಪ್ಪು ಮಣ್ಣಿನ ಹತ್ತಿಗೂ ಚಿನ್ನದ ಬೆಲೆ ಬಂತು. ದುಡ್ಡು ಮುಂಬೈಗೆ ಹರಿದು ಬಂತು. ಬಂದ ದುಡ್ಡು ಎಲ್ಲಿಗೆ ಹೋಗಬೇಕು? ಷೇರಿಗೆ. ದಿನಕ್ಕೊಂದು ಬ್ಯಾಂಕು, ದಿನಕ್ಕೊಂದು ಕಂಪನಿ. ಸಮುದ್ರ ತುಂಬಿಸಿ ಭೂಮಿ ಮಾಡ್ತೀವಿ ಅಂತ ಹೊರಟ ಬ್ಯಾಕ್ ಬೇ ಕಂಪನಿಯ 5 ಸಾವಿರ ರೂಪಾಯಿ ಷೇರು 50 ಸಾವಿರ ದಾಟಿತು. ಈ ಜ್ವರದ ಮಧ್ಯದಲ್ಲಿ ನಿಂತಿದ್ದ ದೊರೆ ಪ್ರೇಮಚಂದ್ ರಾಯ್‌ಚಂದ್. ಮುಂಬೈ ವಿಶ್ವವಿದ್ಯಾಲಯದ ರಾಜಾಬಾಯಿ ಗಡಿಯಾರ ಗೋಪುರ ಇದೆಯಲ್ಲ, ಅದು ಅವನ ತಾಯಿಯ ಹೆಸರು.

ಜನ ಷೇರು ಕೊಳ್ಳೋದರ ಜೊತೆಗೆ ಇನ್ನೊಂದು ಕೆಲಸ ಮಾಡಿದ್ರು. ಕೈಯಲ್ಲಿ ದುಡ್ಡಿಲ್ಲದೆ, "ಇಂಥ ತಾರೀಖಿಗೆ, ಇಂಥ ಬೆಲೆಗೆ ತಗೊಳ್ತೀನಿ" ಅಂತ ವಾಯಿದೆ ಬರೆದುಕೊಟ್ರು. ಬೆಲೆ ಏರಿದ್ರೆ ವ್ಯತ್ಯಾಸ ಜೇಬಿಗೆ. ಇಳಿದ್ರೆ? ಇಳಿಯಲ್ಲ ಅನ್ನೋ ಧೈರ್ಯ! 1865ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧ ಮುಗೀತು. ಹತ್ತಿ ಬೆಲೆ ಬಿತ್ತು. ಆ ವಾಯಿದೆಗಳಲ್ಲಿ ನೂರಾರು ಒಂದೇ ದಿನ, 1865ರ ಜುಲೈ 1ಕ್ಕೆ, ಗಡುವಿಗೆ ಬಂದ್ವು. ಕೊಡೋಕೆ ಯಾರ ಹತ್ರವೂ ದುಡ್ಡಿಲ್ಲ. ಬ್ಯಾಕ್ ಬೇ ಷೇರು 2 ಸಾವಿರಕ್ಕಿಂತ ಕೆಳಗೆ ಬಂತು. 2,850 ರೂಪಾಯಿ ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆ ಷೇರು 87ಕ್ಕೆ ಇಳೀತು. ಪ್ರೇಮಚಂದ್ ಕೂಡ ದಿವಾಳಿಯಾದ.

ಈ ವಾಯಿದೆ ಅನ್ನೋ ಪದ ನೆನಪಿಟ್ಟುಕೊಳ್ಳಿ. ಅತ್ತೆಯ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಈಗ ನಮ್ಮ ಕಡೆ ಬರೋಣ. 1990ರ ಸುಮಾರಿಗೆ ಹೊಸದುರ್ಗದ ಒಬ್ಬ ಮೇಷ್ಟ್ರಿಗೆ ಷೇರು ತಗೋಬೇಕು ಅನ್ನಿಸ್ತು ಅಂದುಕೊಳ್ಳಿ. ಬೆಂಗಳೂರಿನಲ್ಲಿ 1963ರಿಂದ ಒಂದು ಷೇರು ವಿನಿಮಯ ಕೇಂದ್ರ ಇತ್ತು, ಜೆ.ಸಿ. ರಸ್ತೆಯಲ್ಲಿ. ಆದ್ರೆ ಅಲ್ಲಿನ ಬ್ರೋಕರ್ ಮೇಷ್ಟ್ರಿಗೆ ಗೊತ್ತಿರಬೇಕು. ಆರ್ಡರ್ ಹೇಳಬೇಕು, ಚೆಕ್ ಕಳಿಸಬೇಕು, ಕಾಗದದ ಷೇರು ಪತ್ರ ಅಂಚೆಯಲ್ಲಿ ಬರೋತನಕ ಕಾಯಬೇಕು. ಅದನ್ನ ವರ್ಗಾವಣೆ ಅರ್ಜಿ ಜೊತೆ ಕಂಪನಿಗೆ ಕಳಿಸಬೇಕು. ಸಹಿ ಒಂಚೂರು ಸೊಟ್ಟ ಆದ್ರೆ ವಾಪಸ್. ಬ್ರೋಕರ್ ಯಾವ ಬೆಲೆಗೆ ಕೊಂಡ, ನಮಗೆ ಯಾವ ಬೆಲೆ ಹೇಳಿದ, ದೇವರಿಗೇ ಗೊತ್ತು. ಟವೆಲ್ ಅಡಿಯ ವ್ಯಾಪಾರವೇ! ಅದರ ಮೇಲೆ ದಲಾಲಿ ಬೇರೆ, ಶೇಕಡಾ 2.5ರವರೆಗೂ ತಗೊಳ್ಳಬಹುದಿತ್ತು. 10 ಸಾವಿರದ ಷೇರಿಗೆ 250 ರೂಪಾಯಿ.

ಇಷ್ಟೆಲ್ಲ ಅಡೆತಡೆ ಇದ್ದದ್ದರಿಂದ ಒಂದು ಅನ್ಯಾಯ ಆಯ್ತು. ಸಂಪತ್ತು ಹುಟ್ಟಿದಾಗ ಸಣ್ಣ ಊರಿನವರು ಅಲ್ಲಿರಲೇ ಇಲ್ಲ. 1993ರಲ್ಲಿ ನಮ್ಮ ಬೆಂಗಳೂರಿನ ಇನ್ಫೋಸಿಸ್ 95 ರೂಪಾಯಿಗೆ ಒಂದು ಷೇರು ಕೊಡ್ತೀವಿ ಬನ್ನಿ ಅಂತ ಕರೀತು. ಪೂರ್ತಿ ಷೇರು ಕೇಳೋರೇ ಇರಲಿಲ್ಲ. ಅವತ್ತು 9,500 ರೂಪಾಯಿ ಕೊಟ್ಟು 100 ಷೇರು ತಗೊಂಡು ಸುಮ್ಮನೆ ಇಟ್ಟುಕೊಂಡವರ ಹತ್ರ ಬೋನಸ್, ವಿಭಜನೆ ಎಲ್ಲ ಸೇರಿ 2018ರ ಹೊತ್ತಿಗೆ 1,02,400 ಷೇರು ಆದ್ವು. ಬೆಲೆ ಕೋಟಿಗಳಲ್ಲಿ.

ಆದ್ರೆ ಸ್ನೇಹಿತರೇ, ಈ ಕಥೆ ಹೇಳಿ ಇಲ್ಲಿಗೇ ನಿಲ್ಲಿಸಿದ್ರೆ ನಾನು ನಿಮಗೆ ಅರ್ಧ ಸತ್ಯ ಹೇಳಿದ ಹಾಗೆ. ಯೂಟ್ಯೂಬ್‌ನಲ್ಲಿ ಎಲ್ಲರೂ ಮಾಡೋದು ಇದನ್ನೇ. ಉಳಿದ ಅರ್ಧ ನಮ್ಮ ಪಕ್ಕದಲ್ಲೇ ಇದೆ. ದಾವಣಗೆರೆ 1997ರವರೆಗೂ ನಮ್ಮ ಚಿತ್ರದುರ್ಗ ಜಿಲ್ಲೆಯದ್ದೇ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು. ಆ ಮಿಲ್ಲುಗಳ ಸೈರನ್‌ಗೆ ಊರು ಏಳ್ತಿತ್ತು, ಮಲಗ್ತಿತ್ತು. ಅವೂ ಒಂದೊಂದಾಗಿ ಬಾಗಿಲು ಹಾಕಿದ್ವು. ಮುಚ್ಚಿದ ಮಿಲ್ಲಿನ ಪಾಲನ್ನ ಎಷ್ಟು ವರ್ಷ ತಾಳ್ಮೆಯಿಂದ ಇಟ್ಟುಕೊಂಡ್ರೂ ಫಲ ಏನು? ಇನ್ಫೋಸಿಸ್ ಯಾವುದು, ಮುಚ್ಚೋ ಮಿಲ್ಲು ಯಾವುದು ಅಂತ ಮುಂಚೆಯೇ ಹೇಳೋನು ಇನ್ನೂ ಹುಟ್ಟಿಲ್ಲ. ಹಾಗಾಗಿಯೇ ದುಡ್ಡೆಲ್ಲ ಒಂದೇ ಕಂಪನಿಗೆ ಹಾಕಬೇಡಿ ಅಂತ ತಿಳಿದವರು ಹೇಳೋದು.

ಅಡೆತಡೆ ಹೇಗೆ ಮುರೀತು? 1992ರಲ್ಲಿ ಹರ್ಷದ್ ಮೆಹ್ತಾ ಹಗರಣ ಹೊರಬಿತ್ತು. ಅದೇ ವರ್ಷ ಸೆಬಿಗೆ ಕಾನೂನಿನ ಬಲ ಸಿಕ್ತು. 1994ರಲ್ಲಿ ಎನ್‌ಎಸ್‌ಇ ಕಂಪ್ಯೂಟರ್ ಪರದೆ ಮೇಲೆ ಷೇರು ವ್ಯಾಪಾರ ಶುರು ಮಾಡ್ತು. 1996ರಲ್ಲಿ ಡಿಪಾಸಿಟರಿ ಕಾಯ್ದೆ ಬಂತು, ಕಾಗದದ ಷೇರು ಡಿಮ್ಯಾಟ್ ಖಾತೆಯ ಅಂಕಿಯಾಯ್ತು. ಬೆಂಗಳೂರಿನ ಷೇರು ಕೇಂದ್ರ 2014ರ ಡಿಸೆಂಬರ್‌ನಲ್ಲಿ ಅಧಿಕೃತವಾಗಿ ಕಣ್ಣು ಮುಚ್ಚಿತು. ಅಷ್ಟು ಹೊತ್ತಿಗೆ ಅದೇ ಬೆಂಗಳೂರಿನಲ್ಲಿ ಇನ್ನೊಂದು ಹುಟ್ಟಿ ಆಗಿತ್ತು.

2010ರ ಆಗಸ್ಟ್ 15. ಶಿವಮೊಗ್ಗದಲ್ಲಿ ಹುಟ್ಟಿ, ಎಂಜಿನಿಯರಿಂಗ್ ಓದಿ, ಕಾಲ್ ಸೆಂಟರ್‌ನಲ್ಲಿ ದುಡಿದಿದ್ದ ನಿತಿನ್ ಕಾಮತ್, ತಮ್ಮ ನಿಖಿಲ್ ಜೊತೆ ಜೆರೋಧಾ ಶುರು ಮಾಡಿದ್ರು. ಜೀರೋ ಮತ್ತು ರೋಧ ಸೇರಿ ಜೆರೋಧಾ. ರೋಧ ಅಂದ್ರೆ ತಡೆ. ನಮ್ಮ ವಿರೋಧ, ನಿರೋಧದಲ್ಲಿರೋ ಅದೇ ಪದ. ಲಕ್ಷದ ವ್ಯವಹಾರ ಇರಲಿ, ಕೋಟಿಯದ್ದಿರಲಿ, ಒಂದು ಆರ್ಡರ್‌ಗೆ ಹೆಚ್ಚೆಂದರೆ 20 ರೂಪಾಯಿ. 2015ರ ಡಿಸೆಂಬರ್‌ನಲ್ಲಿ ಷೇರು ಕೊಂಡು ಇಟ್ಟುಕೊಳ್ಳೋರಿಗೆ ಆ 20 ರೂಪಾಯಿಯೂ ಬೇಡ ಅಂದ್ರು. ಅಮೆರಿಕದಲ್ಲಿ ಆ ಮರದ ಕೆಳಗಿನ ಕಟ್ಟುಪಾಡು 1975ರ ಮೇ 1ರಂದೇ ಕಾನೂನಿನಿಂದ ಮುರಿದುಬಿದ್ದಿತ್ತು. 2015ರಲ್ಲಿ ಅಲ್ಲೂ ರಾಬಿನ್‌ಹುಡ್ ಅನ್ನೋ ಸೊನ್ನೆ ಕಮಿಷನ್ ಆ್ಯಪ್ ಬಂತು. ಗ್ರೋ, ಅಪ್‌ಸ್ಟಾಕ್ಸ್ ಥರದ ಆ್ಯಪ್‌ಗಳು ಇಲ್ಲಿ ಮನೆಮಾತಾದ್ವು.

ಆಮೇಲೆ ಕೊರೊನಾ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ ಶೇಕಡಾ 13 ಬಿತ್ತು. ಮನೆಯಲ್ಲಿ ಕೂತ ಯುವಕರ ಕೈಯಲ್ಲಿ ಮೊಬೈಲ್, ಅಗ್ಗದ ಡೇಟಾ, ಆಧಾರ್, ಯುಪಿಐ. ಆ ಮಾರ್ಚ್‌ನಲ್ಲಿ ದೇಶದಲ್ಲಿ ಸುಮಾರು 4 ಕೋಟಿ ಡಿಮ್ಯಾಟ್ ಖಾತೆ ಇದ್ವು. 2025ರಲ್ಲಿ 20 ಕೋಟಿ ದಾಟಿದ್ವು. ಹೊಸದುರ್ಗದ ಆ ಮೇಷ್ಟ್ರಿಗೆ ತಿಂಗಳು ಹಿಡೀತಿದ್ದ ಕೆಲಸ ಈಗ ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯೋ ಹೊತ್ತಲ್ಲಿ ಮುಗಿಯುತ್ತೆ. ಇದು ಸಣ್ಣ ಸಾಧನೆಯಲ್ಲ. ದೊಡ್ಡವರ ಪೇಟೆಗೆ ನಮ್ಮ ಹುಡುಗರೂ ತಲೆ ಎತ್ತಿಕೊಂಡು ಹೋಗೋ ಹಾಗಾಯ್ತು.

ಈಗ ಅತ್ತೆ ಪ್ರಶ್ನೆ. ಪುಕ್ಸಟ್ಟೆ ಯಾವನು ಗೇಯ್ತಾನೆ?

ಯಾವನೂ ಇಲ್ಲ. ಸೊನ್ನೆ ಅನ್ನೋದು ಷೇರು ಕೊಂಡು ಇಟ್ಟುಕೊಳ್ಳೋನಿಗೆ, ಅದೂ ಕೆಲವು ಆ್ಯಪ್‌ಗಳಲ್ಲಿ ಮಾತ್ರ. ಬೆಳಗ್ಗೆ ಕೊಂಡು ಸಂಜೆ ಮಾರೋನಿಗೆ, ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡೋನಿಗೆ ಸೊನ್ನೆ ಅಲ್ಲ. ಪ್ರತಿ ಆರ್ಡರ್‌ಗೂ 20 ರೂಪಾಯಿವರೆಗೆ. ಲೆಕ್ಕ ಹಾಕಿ: ದಿನಕ್ಕೆ 10 ಆರ್ಡರ್, 200 ರೂಪಾಯಿ. ತಿಂಗಳಿಗೆ 20 ದಿನ, 4 ಸಾವಿರ. ವರ್ಷಕ್ಕೆ 48 ಸಾವಿರ, ಮೇಲೆ ಜಿಎಸ್‌ಟಿ. ಗೆದ್ರೂ ಕೊಡಬೇಕು, ಸೋತ್ರೂ ಕೊಡಬೇಕು. ಫ್ಯೂಚರ್ಸ್, ಆಪ್ಷನ್ಸ್ ಅಂದ್ರೇನು? ಇಂಥ ತಾರೀಖಿಗೆ, ಇಂಥ ಬೆಲೆಗೆ ಅನ್ನೋ ಮಾತು. ಅದೇ ವಾಯಿದೆ! 1865ರ ವಾಯಿದೆ ಸೂಟುಬೂಟು ಹಾಕಿಕೊಂಡು, ಕಾನೂನಿನ ಚೌಕಟ್ಟಿನೊಳಗೆ, ನಮ್ಮ ಜೇಬಿನ ಮೊಬೈಲಿಗೆ ಬಂದಿದೆ.

ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಮೂರು ವರ್ಷದ ಲೆಕ್ಕ ಹೊರಗಿಟ್ಟಿತು. ಈ ವ್ಯಾಪಾರ ಮಾಡಿದ ಸಾಮಾನ್ಯ ಜನರಲ್ಲಿ 100ಕ್ಕೆ 93 ಜನ ಕಳೆದುಕೊಂಡಿದ್ರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ವಹಿವಾಟಿನ ಶುಲ್ಕ ಅಂತಲೇ ಅವರು ಕಟ್ಟಿದ್ದು ಸುಮಾರು 50 ಸಾವಿರ ಕೋಟಿ, ಅದರಲ್ಲಿ ಅರ್ಧದಷ್ಟು ಬ್ರೋಕರೇಜ್. ಇಷ್ಟು ದುಡ್ಡು ಕಟ್ಟಿದವರು ಯಾರು? 100ಕ್ಕೆ 72ಕ್ಕೂ ಹೆಚ್ಚು ಜನ ದೇಶದ 30 ದೊಡ್ಡ ನಗರಗಳ ಆಚೆಯವರು. ಅಂದ್ರೆ ನಮ್ಮಂಥ ಊರುಗಳವರು. 2024-25ರಲ್ಲೂ 100ಕ್ಕೆ 91 ಜನ ಸೋತ್ರು. ಆ ಒಂದೇ ವರ್ಷದ ನಷ್ಟ 1.05 ಲಕ್ಷ ಕೋಟಿ. ಅಲ್ಲಿಗೆ ಅತ್ತೆಗೆ ಉತ್ತರ ಸಿಕ್ತು. ತಾಳ್ಮೆ ಇರೋನ ದಲಾಲಿಯನ್ನ ಅವಸರ ಇರೋನು ಕಟ್ತಾ ಇದ್ದಾನೆ. 2020ರಲ್ಲಿ ಹಾಗೆ ಕಟ್ಟಿದವರಲ್ಲಿ ನಾನೂ ಒಬ್ಬ.

ದಲಾಲಿ ಹೋಗಿದ್ದು ಒಳ್ಳೇದೇ. ಆದ್ರೆ ಹಳೇ ದಲಾಲಿ ಗೊತ್ತಿಲ್ಲದೇ ಒಂದು ಕೆಲಸ ಮಾಡ್ತಿತ್ತು, ಬ್ರೇಕ್ ಹಾಕ್ತಿತ್ತು. 250 ರೂಪಾಯಿ ಕೊಡಬೇಕಲ್ಲ ಅಂತ ಮನುಷ್ಯ ಎರಡು ಸಲ ಯೋಚನೆ ಮಾಡ್ತಿದ್ದ. ಈಗ ಆ ಬ್ರೇಕ್ ಇಲ್ಲ. ಬ್ರೇಕ್ ನಮ್ಮ ತಲೆಯಲ್ಲೇ ಇರಬೇಕು.

ಮರುದಿನ ಅತ್ತೆಗೆ ಫೋನ್ ಮಾಡಿದೆ. ಹುಡುಗನೂ ಪಕ್ಕದಲ್ಲಿದ್ದ, ಸ್ಪೀಕರ್ ಹಾಕಿಸಿದೆ. ಮೊದಲ ಮಾತು, ಬೋರ್‌ವೆಲ್ ದುಡ್ಡು ಮುಟ್ಟಬೇಡ. ಮೂರು ತಿಂಗಳಲ್ಲೋ ವರ್ಷದಲ್ಲೋ ಬೇಕಾಗೋ ದುಡ್ಡು ಷೇರಿಗೆ ಅಲ್ಲ. 2008ರ ಜನವರಿಯಲ್ಲಿ 21 ಸಾವಿರದಲ್ಲಿದ್ದ ಸೆನ್ಸೆಕ್ಸ್ ಅದೇ ಅಕ್ಟೋಬರ್‌ನಲ್ಲಿ 8 ಸಾವಿರದ ಆಸುಪಾಸಿಗೆ ಬಂದಿತ್ತು. ಮತ್ತೆ 21 ಸಾವಿರ ನೋಡೋಕೆ 2010ರ ಕೊನೆ ಆಯ್ತು. ನಿನ್ನ ತೋಟ ಅಷ್ಟು ದಿನ ನೀರಿಗೆ ಕಾಯುತ್ತಾ?

ಎರಡನೇದು, ಖಾತೆ ತೆರೆ, ತಪ್ಪಿಲ್ಲ. ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಸಾಕು. ಆದ್ರೆ ಆ ಬ್ರೋಕರ್‌ನ ನೋಂದಣಿ ಸಂಖ್ಯೆ ಸೆಬಿಯ ವೆಬ್‌ಸೈಟ್‌ನಲ್ಲಿ ಇದೆಯಾ ನೋಡು. ವಾಟ್ಸಾಪ್, ಟೆಲಿಗ್ರಾಂ ಗುಂಪಿನಲ್ಲಿ ಬಂದ ಲಿಂಕ್‌ನಿಂದ ಆ್ಯಪ್ ಹಾಕಿಕೊಳ್ಳಬೇಡ. ಅದು ಷೇರುಪೇಟೆ ಅಲ್ಲ, ಕಳ್ಳರ ಸಂತೆ. ಮೋಸ ಆಯ್ತು ಅಂತ ಗೊತ್ತಾದ ತಕ್ಷಣ 1930ಕ್ಕೆ ಫೋನ್ ಮಾಡು. ನಾಮಿನಿ ಜಾಗದಲ್ಲಿ ಅಮ್ಮನ ಹೆಸರು ಬರೆ. ಡಿಪಾಸಿಟರಿಯಿಂದ ನೇರವಾಗಿ ಇಮೇಲ್‌ಗೆ ಸ್ಟೇಟ್‌ಮೆಂಟ್ ಬರುತ್ತೆ, ಆ್ಯಪ್ ತೋರಿಸೋ ಲೆಕ್ಕವನ್ನ ಅದರ ಜೊತೆ ತಾಳೆ ಹಾಕು. 2019ರಲ್ಲಿ ಕಾರ್ವಿ ಅನ್ನೋ ದೊಡ್ಡ ಬ್ರೋಕರ್ ಸಂಸ್ಥೆ ಗ್ರಾಹಕರ ಷೇರುಗಳನ್ನೇ ದುರ್ಬಳಕೆ ಮಾಡಿದೆ ಅಂತ ಸೆಬಿ ಕ್ರಮ ತಗೊಂಡಿತ್ತು.

ಮೂರನೇದು, ಸೊನ್ನೆ ಅಂದ್ರೂ ಸೊನ್ನೆ ಅಲ್ಲ. ಕೊಂಡಾಗ, ಮಾರಿದಾಗ ಎಸ್‌ಟಿಟಿ ತೆರಿಗೆ ಇದೆ, ಸಾವಿರಕ್ಕೆ 1 ರೂಪಾಯಿ. ಕೊಳ್ಳುವಾಗ ಮುದ್ರಾಂಕ ಶುಲ್ಕ ಇದೆ. ಮಾರಿದ ದಿನ ಡಿಪಾಸಿಟರಿ ಶುಲ್ಕ ಅಂತ 15 ರೂಪಾಯಿ ಆಸುಪಾಸು ಹೋಗುತ್ತೆ. 500 ರೂಪಾಯಿ ಷೇರು ಕೊಂಡು ಮಾರಿದ್ರೆ ಶೇಕಡಾ 3 ಅಲ್ಲೇ ಹೋಯ್ತು. ವರ್ಷದೊಳಗೆ ಮಾರಿ ಲಾಭ ಮಾಡಿದ್ರೆ ಆ ಲಾಭದ ಮೇಲೆ ಶೇಕಡಾ 20 ತೆರಿಗೆ.

ನಾಲ್ಕನೇದು, ಫ್ಯೂಚರ್ಸ್ ಆಪ್ಷನ್ಸ್ ಅನ್ನೋ ಭಾಗವನ್ನ ಚಾಲೂನೇ ಮಾಡಬೇಡ. ತಿಂಗಳಿಗೆ ಸಾವಿರವೋ ಎರಡು ಸಾವಿರವೋ ನಿಫ್ಟಿಯ 50 ಕಂಪನಿಗಳನ್ನೂ ಒಟ್ಟಿಗೆ ಕೊಳ್ಳೋ ಇಂಡೆಕ್ಸ್ ಫಂಡ್‌ಗೆ ಹಾಕು. ಒಂದು ಮಿಲ್ಲು ಮುಚ್ಚಿದ್ರೆ ಉಳಿದ 49 ಇರ್ತವೆ. ಅಡಿಕೆ ಸಸಿ ನೆಟ್ಟೋನು ಮಾರನೇ ದಿನ ಗೊನೆ ನೋಡೋಕೆ ಹೋಗ್ತಾನಾ? ಐದಾರು ವರ್ಷ ಕಾಯೋದು ನಿಮ್ಮ ಮನೆಗೆ ಹೊಸದೇನಲ್ಲ.

ಹುಡುಗ ಸುಮ್ಮನಿದ್ದ. ಕೊನೆಗೆ, "ಅಣ್ಣಾ, ಹಂಗಾದ್ರೆ ಬೇಗ ದುಡ್ಡು ಆಗಲ್ವಾ?" ಅಂದ.

ನಾನು ಅವನಿಗೆ ವಾಣಿವಿಲಾಸ ಸಾಗರ ನೆನಪಿಸಿದೆ. ಮಾರಿಕಣಿವೆ. 1907ರಲ್ಲಿ ಕಟ್ಟಿ ಮುಗಿದ ಅಣೆಕಟ್ಟೆ. ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ 89 ವರ್ಷ ಕೋಡಿ ಬೀಳಲೇ ಇಲ್ಲ. 2022ರಲ್ಲಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ನೋಡೋಕೆ ಹೋಯ್ತು, ನಾವೂ ಕ್ಯಾಮೆರಾ ತಗೊಂಡು ಹೋದ್ವಿ. 2025ರ ಜನವರಿಯಲ್ಲಿ ಮತ್ತೆ ಬಿತ್ತು. ಆದ್ರೆ ಹಿರಿಯೂರಿನ ತೋಟಗಳು ಬದುಕಿದ್ದು ಕೋಡಿಯ ನೀರಿನಿಂದಲ್ಲ. ಕೋಡಿ ಬೀಳದ ಆ 89 ವರ್ಷದಲ್ಲಿ ಒಂದು ವರ್ಷ ಜಾಸ್ತಿ, ಒಂದು ವರ್ಷ ಕಡಿಮೆ, ಬರಗಾಲದಲ್ಲಿ ತೀರಾ ಕಡಿಮೆ ಅಂತ ಕಾಲುವೆಯಲ್ಲಿ ಹರಿದ ನೀರಿನಿಂದ. ಕೋಡಿಗೆ ಕಾಯೋನು ನೋಡುಗ, ಕಾಲುವೆ ನೀರು ಲೆಕ್ಕ ಹಾಕಿ ಬೆಳೆ ಇಡೋನು ರೈತ. ನೀನು ಯಾರಾಗ್ತೀಯ ಅಂತ ಕೇಳಿದೆ.

ಅವನು ಉತ್ತರ ಕೊಡಲಿಲ್ಲ. ಅತ್ತೆ ಮಾತ್ರ, "ಬೋರ್ ದುಡ್ಡು ಬ್ಯಾಂಕಲ್ಲೇ ಇರ್ಲಿ. ತಿಂಗಳಿಗೆ ಒಂದು ಸಾವಿರ ಹಾಲಿನ ದುಡ್ಡಲ್ಲಿ ಕೊಡ್ತೀನಿ, ಏನ್ ಮಾಡ್ತಾನೋ ನೋಡಾಣ" ಅಂದು ಫೋನ್ ಇಟ್ರು.